ನಡುಗಡಲಿನಲ್ಲಿ ಹಡಗಿಗೆ ತಾನಿರುವ ಜಾಗ ಗೊತ್ತಾಗುವುದು ಹೇಗೆ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಮಗ ಸರಕು ಹಡಗಿನಲ್ಲಿ ಡೆಕ್ ಕೆಡೆಟ್ (ತರಬೇತಿಯಲ್ಲಿರುವ ಅಧಿಕಾರಿ) ಆಗಿ ಸೇರಿ ಐದು ತಿಂಗಳಾಯಿತು. ಅವನ ಹಡಗು ಎಲ್ಲಿದೆ ಅಂತ ನೋಡಲು ಮಗಳು ನನ್ನ ಮೊಬೈಲ್‌ಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾಳೆ. ಶ್ರೀಲಂಕಾ ದಾಟಿದ ಮೇಲೆ ಎರಡು ದಿನ ಹಡಗು ಕಾಣಿಸಲೇ ಇಲ್ಲ. ಎದೆ ಧಸಕ್ ಅಂತು. ಮೂರನೇ ದಿನ ಮತ್ತೆ ಬಂತು. ಹಾಗೇಕಾಗುತ್ತದೆ? ಸುತ್ತ ನೀರು ಬಿಟ್ಟು ಏನೂ ಇಲ್ಲದ ಕಡೆ ಹಡಗಿಗೆ ತಾನೆಲ್ಲಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ? ಇನ್ನೊಂದು ವಿಷಯ. ಇಷ್ಟೆಲ್ಲಾ ಸ್ಯಾಟಲೈಟ್ ಇದ್ದರೂ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಸೂರ್ಯನನ್ನು ಅಳೆಯಿಸುತ್ತಾರೆ ಅಂತ ಮಗ ಹೇಳುತ್ತಾನೆ. ಅದು ಸುಮ್ನೆ ಹುಡುಗರನ್ನು ದುಡಿಸಿಕೊಳ್ಳುವುದೋ, ನಿಜವಾಗಿ ಬೇಕಾದ ಕೆಲಸವೋ?

ಉತ್ತರ:

ಅಮ್ಮಾ, ಮೊದಲು ನಿಮ್ಮ ಭಯದ ಮಾತು ಮುಗಿಸೋಣ. ಆ ಎರಡು ದಿನ ಹಡಗು ಎಲ್ಲೂ ಹೋಗಿರಲಿಲ್ಲ. ಅದರ ಸುದ್ದಿ ದಡಕ್ಕೆ ಮುಟ್ಟಲಿಲ್ಲ, ಅಷ್ಟೇ.

ಆ್ಯಪ್‌ನಲ್ಲಿ ನೀವು ನೋಡುವ ಬಾಣದಂಥ ಗುರುತು ಹಡಗಿನ ಎಐಎಸ್ ಅನ್ನುವ ಸಲಕರಣೆಯಿಂದ ಬರುತ್ತದೆ. ದೇಶದಿಂದ ದೇಶಕ್ಕೆ ಓಡಾಡುವ 300 ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಲ್ಲಿ ಇದು ಇರಲೇಬೇಕು. 2004ರಿಂದ ಈ ನಿಯಮ ಇದೆ. ಹಡಗು ಚಲಿಸುತ್ತಿರುವಾಗ ಕೆಲವು ಸೆಕೆಂಡಿಗೊಮ್ಮೆ ಅದು ತನ್ನ ಜಾಗ, ವೇಗ, ದಿಕ್ಕನ್ನು ರೇಡಿಯೋದಲ್ಲಿ ಕೂಗಿ ಹೇಳುತ್ತದೆ. ಲಂಗರು ಹಾಕಿ ನಿಂತರೆ ಮೂರು ನಿಮಿಷಕ್ಕೊಮ್ಮೆ. ಇದು ಹತ್ತಿರದ ಹಡಗುಗಳಿಗಾಗಿ ಮಾಡಿದ ಏರ್ಪಾಡು. ಎದುರಿಗೆ ಬರುವವನು ಯಾರು, ಎತ್ತ ತಿರುಗುತ್ತಿದ್ದಾನೆ ಅಂತ ತಿಳಿದರೆ ಡಿಕ್ಕಿ ತಪ್ಪುತ್ತದೆ ಅಲ್ವಾ?

ಈ ರೇಡಿಯೋ ಹೆಚ್ಚುಕಮ್ಮಿ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಹೋಗುವುದು. ಭೂಮಿ ಗುಂಡಗಿದೆ, ಅದರ ಬೆನ್ನಿನ ಆಚೆಗೆ ಈ ಅಲೆ ಬಾಗುವುದಿಲ್ಲ. ದಡದ ಮೇಲೆ ಎತ್ತರದ ಆಂಟೆನಾ ಇದ್ದರೆ ಸುಮಾರು 40 ನಾಟಿಕಲ್ ಮೈಲಿಯವರೆಗೆ ಸಿಗಬಹುದು. ಒಂದು ನಾಟಿಕಲ್ ಮೈಲಿ ಅಂದರೆ 1852 ಮೀಟರ್. ಶ್ರೀಲಂಕಾದ ದಕ್ಷಿಣ ತುದಿ ದಾಟಿ ಸುಮಾತ್ರಾ ಕಾಣುವವರೆಗೆ ಸರಕು ಹಡಗಿಗೆ ಎರಡು ಮೂರು ದಿನ ಬೇಕು. ಆ ದಾರಿಯಲ್ಲಿ ಕೇಳಿಸಿಕೊಳ್ಳುವ ದಡವೇ ಇಲ್ಲ. ಮೇಲಿನಿಂದ ಈ ಕೂಗನ್ನು ಹಿಡಿಯುವ ಉಪಗ್ರಹಗಳು ಇವೆ. ಆದರೆ ಆ ಮಾಹಿತಿಯನ್ನು ಹೆಚ್ಚಾಗಿ ದುಡ್ಡು ಕೊಟ್ಟವರಿಗೆ ಮಾತ್ರ ತೋರಿಸುತ್ತಾರೆ. ಮುಂದಿನ ಸಲ ಮಗ ದಡ ಬಿಡುವಾಗ ಎಷ್ಟು ದಿನ ಕಾಣಿಸುವುದಿಲ್ಲ ಅಂತ ಅವನನ್ನೇ ಕೇಳಿಟ್ಟುಕೊಳ್ಳಿ. ಆಗ ಮನಸ್ಸು ಹಗುರವಾಗಿರುತ್ತದೆ.

ಈಗ ಎರಡನೇ ಪ್ರಶ್ನೆ. ನಾನು ಹಡಗುಗಳಲ್ಲಿ ಅಧಿಕಾರಿಯಾಗಿ ಕೆಲಸ ಮಾಡಿ ತುಮಕೂರಿಗೆ ವಾಪಸ್ ಬಂದವನು. ಇದನ್ನು ಯಾರು ಕೇಳಿದರೂ ನಮ್ಮ ಬೆಟ್ಟಗಳಿಂದಲೇ ಶುರು ಮಾಡುತ್ತೇನೆ.

ದೇವರಾಯನದುರ್ಗ, ಮಧುಗಿರಿ, ಸಿದ್ಧರಬೆಟ್ಟ ಮೂರರ ಮೇಲೂ ರಾತ್ರಿ ಸರಿಯಾಗಿ ಒಂಬತ್ತಕ್ಕೆ ಒಂದೊಂದು ಗರ್ನಾಲು ಹೊಡೆಯುತ್ತಾರೆ ಅಂತ ಇಟ್ಟುಕೊಳ್ಳಿ. ಸದ್ದು ಎಷ್ಟು ದೂರಕ್ಕಾದರೂ ಕೇಳಿಸುತ್ತದೆ ಅಂತಲೂ ಇಟ್ಟುಕೊಳ್ಳಿ. ನೀವು ಕತ್ತಲಲ್ಲಿ ಯಾವುದೋ ಹೊಲದಲ್ಲಿ ನಿಂತಿದ್ದೀರಿ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಹೋಗುತ್ತದೆ. ಮಧುಗಿರಿಯ ಸದ್ದು ಒಂಬತ್ತು ಹೊಡೆದು 60 ಸೆಕೆಂಡಿಗೆ ಕೇಳಿಸಿದರೆ ನೀವು ಆ ಬೆಟ್ಟದಿಂದ 20 ಕಿಲೋಮೀಟರ್ ದೂರದಲ್ಲಿದ್ದೀರಿ. ನಕ್ಷೆಯ ಮೇಲೆ ಮಧುಗಿರಿಯ ಸುತ್ತ ಅಷ್ಟು ದೂರಕ್ಕೆ ಒಂದು ವೃತ್ತ ಎಳೆಯಿರಿ. ಉಳಿದ ಎರಡು ಬೆಟ್ಟಗಳಿಗೂ ಹಾಗೇ ಮಾಡಿ. ಮೂರು ವೃತ್ತಗಳು ಕೂಡುವ ಜಾಗವೇ ನಿಮ್ಮ ಹೊಲ.

ಇದೆಲ್ಲ ನಿಮ್ಮ ಕೈಗಡಿಯಾರ ಸರಿ ಇದ್ದರೆ. ಅದು ಮೂರು ಸೆಕೆಂಡ್ ಹಿಂದಿದ್ದರೆ ಮೂರು ವೃತ್ತಗಳೂ ಒಂದೊಂದು ಕಿಲೋಮೀಟರ್ ಚಿಕ್ಕದಾಗುತ್ತವೆ. ಒಂದೇ ಜಾಗದಲ್ಲಿ ಕೂಡದೆ ನಡುವೆ ಒಂದು ಸಣ್ಣ ತ್ರಿಕೋನ ಬಿಟ್ಟುಬಿಡುತ್ತವೆ. ಆ ತ್ರಿಕೋನ ನೋಡಿದರೇ ಗೊತ್ತಾಗುತ್ತದೆ, ತಪ್ಪಿರುವುದು ನನ್ನ ಗಡಿಯಾರ ಅಂತ. ಮುಳ್ಳನ್ನು ಒಂದೊಂದೇ ಸೆಕೆಂಡ್ ಸರಿಸುತ್ತಾ ಹೋಗಿ. ಒಂದು ಹಂತದಲ್ಲಿ ಮೂರೂ ಬಂದು ಒಂದೇ ಚುಕ್ಕಿಯಲ್ಲಿ ಕೂಡುತ್ತವೆ. ಆಗ ನಿಮಗೆ ಜಾಗವೂ ಸಿಕ್ಕಿತು, ಸರಿಯಾದ ಟೈಮೂ ಸಿಕ್ಕಿತು.

ಜಿಪಿಎಸ್ ಮಾಡುವುದು ಇಷ್ಟೇ. ಬೆಟ್ಟಗಳ ಬದಲು ಉಪಗ್ರಹ, ಗರ್ನಾಲಿನ ಬದಲು ರೇಡಿಯೋ ಅಲೆ. ಎತ್ತರವನ್ನೂ ಕಂಡುಹಿಡಿಯಬೇಕಾದ್ದರಿಂದ ಮೂರರ ಬದಲು ನಾಲ್ಕು ಉಪಗ್ರಹ ಬೇಕು. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಮೊದಲನೆಯದು ಹಾರಿದ್ದು 1978ರಲ್ಲಿ. ರಷ್ಯಾಕ್ಕೆ ಗ್ಲೋನಾಸ್ ಇದೆ, ಯೂರೋಪಿಗೆ ಗೆಲಿಲಿಯೋ, ಚೀನಾಕ್ಕೆ ಬೈದೌ, ನಮಗೆ ನಾವಿಕ್. ನಿಮ್ಮ ಕೈಯಲ್ಲಿರುವ ಮೊಬೈಲೂ ಇವುಗಳಲ್ಲಿ ಎರಡು ಮೂರನ್ನಾದರೂ ಒಟ್ಟಿಗೆ ಕೇಳಿಸಿಕೊಳ್ಳುತ್ತಿರುತ್ತದೆ.

ಕಷ್ಟ ಇರುವುದು ವೇಗದಲ್ಲಿ. ರೇಡಿಯೋ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ 300 ಮೀಟರ್ ತಪ್ಪಿದ ಹಾಗೆ. ಹಾಗಾಗಿ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರಗಳು ಇರುತ್ತವೆ. ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಗಡಿಯಾರದ ಓಟವೇ ಬದಲಾಗುತ್ತದೆ ಅಂತ ಐನ್‌ಸ್ಟೈನ್ ಹೇಳಿದ್ದು ಇಲ್ಲಿ ದಿನನಿತ್ಯದ ಲೆಕ್ಕ. ಜಿಪಿಎಸ್ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್‌ಗಿಂತ ಜಾಸ್ತಿ ತಪ್ಪು ಸೇರಿಕೊಳ್ಳುತ್ತದೆ.

ನಮ್ಮಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. ಮನೆಯಲ್ಲಿ ಬೆಳಗ್ಗೆ ಆಕಾಶವಾಣಿಯ ಟೈಮ್ ಬೀಪ್ ಬರುವ ಹೊತ್ತಿಗೆ ಯಾರೂ ಮಾತಾಡುವ ಹಾಗಿರಲಿಲ್ಲ. ಕೈಗಡಿಯಾರ ಕಿವಿಗೆ ಹಿಡಿದು ಕೂತಿರುತ್ತಿದ್ದರು. ಎರಡು ಸೆಕೆಂಡ್ ಹಿಂದಿದ್ದರೆ ತಿರುಗಿಸಿ ಸರಿ ಮಾಡುತ್ತಿರಲಿಲ್ಲ. ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ಸಿಲ್‌ನಿಂದ 2 ಅಂತ ಬರೆಯುತ್ತಿದ್ದರು. ನಾಳೆ 4 ಆದರೆ ವಾಚ್ ಚೆನ್ನಾಗಿದೆ, ದಿನಕ್ಕೆ ಎರಡರಂತೆ ಸಮನಾಗಿ ತಪ್ಪುತ್ತಿದೆ. ಒಂದು ದಿನ 2, ಇನ್ನೊಂದು ದಿನ 7 ಆದರೆ ಮಾತ್ರ ಬಿಚ್ಚಬೇಕು ಅನ್ನುತ್ತಿದ್ದರು.

ಮೊದಲ ಹಡಗಿಗೆ ಹೋದಾಗ ನನಗೆ ಕೊಟ್ಟ ಕೆಲಸ ಇದೇ! ಹಡಗಿನ ಕ್ರೋನೋಮೀಟರ್ ಗಡಿಯಾರದ ತಪ್ಪನ್ನು ದಿನಾ ರೇಡಿಯೋ ಟೈಮಿಗೆ ಹೋಲಿಸಿ ಪುಸ್ತಕದಲ್ಲಿ ಬರೆಯುವುದು. ಅದನ್ನೂ ತಿದ್ದುವುದಿಲ್ಲ, ತಪ್ಪನ್ನು ಬರೆದಿಟ್ಟು ಲೆಕ್ಕದಲ್ಲಿ ಕಳೆಯುತ್ತೇವೆ. ಉಪಗ್ರಹಗಳಲ್ಲಿ ನಡೆಯುವುದೂ ಇದೇ ಅಂತ ಆಮೇಲೆ ತಿಳಿಯಿತು. ಮೇಲಿನ ಗಡಿಯಾರ ಎಷ್ಟು ತಪ್ಪುತ್ತಿದೆ ಅಂತ ನೆಲದ ಕೇಂದ್ರಗಳು ಸದಾ ಲೆಕ್ಕ ಇಡುತ್ತವೆ. ಆ ಲೆಕ್ಕವನ್ನು ಉಪಗ್ರಹಕ್ಕೆ ಕಳಿಸುತ್ತವೆ. 'ನನ್ನ ಟೈಮ್ ಇಷ್ಟು, ಅದರಲ್ಲಿ ತಪ್ಪು ಇಷ್ಟು' ಅಂತ ಉಪಗ್ರಹ ಎರಡನ್ನೂ ಒಟ್ಟಿಗೆ ಹೇಳುತ್ತದೆ. ನಾವಿಕ್‌ಗೆ ಈ ಕೆಲಸ ಮಾಡುವ ಕೇಂದ್ರ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿದೆ. ಎಚ್‌ಎಂಟಿ ಕಾರ್ಖಾನೆ ಮುಚ್ಚಿದ ಮೇಲೆ ತುಮಕೂರಿನ ಆ ಜಾಗ ಇಸ್ರೋಗೆ ಹೋಯಿತು. ಆ ರಸ್ತೆಯಲ್ಲಿ ಹೋಗುವಾಗೆಲ್ಲ ಅಪ್ಪನ ಪೆನ್ಸಿಲ್ ನೆನಪಾಗುತ್ತದೆ.

ನಾವಿಕ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇದು ನಮ್ಮದು. ಮೊದಲ ಉಪಗ್ರಹ ಹಾರಿದ್ದು 2013ರ ಜುಲೈಯಲ್ಲಿ, ಏಳನೆಯದು 2016ರ ಏಪ್ರಿಲ್‌ನಲ್ಲಿ. ಇವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಭಾರತ ಮತ್ತು ನಮ್ಮ ಗಡಿಯಿಂದ ಸುಮಾರು 1500 ಕಿಲೋಮೀಟರ್ ಆಚೆಯವರೆಗೆ ಸೇವೆ ಕೊಡುವ ಉದ್ದೇಶ. ಅಂದರೆ ಅರಬ್ಬಿ ಸಮುದ್ರ ಮತ್ತು ಬಂಗಾಳಕೊಲ್ಲಿಯ ಬಹುಪಾಲು. ಹಿನ್ನಡೆ ಆಗಿದ್ದು ಗಡಿಯಾರದಲ್ಲೇ. ಹೊರದೇಶದಿಂದ ತಂದ ಪರಮಾಣು ಗಡಿಯಾರಗಳು ಕೆಟ್ಟವು. ಮೊದಲ ಉಪಗ್ರಹದಲ್ಲಂತೂ ಮೂರಕ್ಕೆ ಮೂರೂ ನಿಂತವು. ಆಮೇಲೆ ನಮ್ಮವರೇ ರುಬಿಡಿಯಂ ಗಡಿಯಾರ ಮಾಡಿದರು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಅದು ಇದೆ. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತನ್ನ ಕಕ್ಷೆ ಮುಟ್ಟಲಿಲ್ಲ. ನನಗೆ ಅವತ್ತು ನಿಜಕ್ಕೂ ಸಂಕಟವಾಯಿತು. ಸಮುದ್ರದಲ್ಲಿ ಇನ್ನೊಬ್ಬರ ಗಡಿಯಾರವನ್ನೇ ನಂಬಿ ಹೋಗುವುದು ಏನು ಅಂತ ಗೊತ್ತಿರುವವರಿಗೆ ಇದು ಬರೀ ರಾಕೆಟ್ ಸುದ್ದಿ ಅನಿಸುವುದಿಲ್ಲ.

ಇಲ್ಲಿ ತುಂಬಾ ಜನ ತಪ್ಪು ತಿಳಿಯುವ ಒಂದು ವಿಷಯ ಇದೆ. ಜಿಪಿಎಸ್ ಬರೀ ಕಿವಿ, ಅದಕ್ಕೆ ಬಾಯಿಲ್ಲ. ಉಪಗ್ರಹ ಹೇಳಿದ್ದನ್ನು ಕೇಳಿಸಿಕೊಂಡು ನಿಮಗೆ ಜಾಗ ತೋರಿಸುತ್ತದೆ. ನೀವು ಎಲ್ಲಿದ್ದೀರಿ ಅಂತ ಬೇರೆ ಯಾರಿಗೂ ಹೇಳುವುದಿಲ್ಲ. ಅದಕ್ಕೆ ಇನ್ನೊಂದು ರೇಡಿಯೋ ಬೇಕು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳಲ್ಲಿ ಹೇಗೆ ಕಾದಿರಬಹುದು ಅಂತ ಎರಡು ದಿನ ಕಾದ ನಿಮಗೆ ಹೇಳಬೇಕಾಗಿಲ್ಲ.

ಅದಕ್ಕೂ ಮುಂಚೆ, 2017ರಲ್ಲಿ, ಒಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಮೊಬೈಲ್ ಸಿಗ್ನಲ್ ಸಿಗದಷ್ಟು ದೂರದಲ್ಲಿದ್ದರು. ಎಚ್ಚರಿಕೆ ಅವರಿಗೆ ಮುಟ್ಟಲೇ ಇಲ್ಲ. ಆಮೇಲೆ 2019ರಲ್ಲಿ ಜೆಮಿನಿ ಅನ್ನುವ ಪುಟ್ಟ ಪೆಟ್ಟಿಗೆ ಬಂತು. ನಮ್ಮ ದೇಶದ ಗಗನ್ ಅನ್ನುವ ಉಪಗ್ರಹ ವ್ಯವಸ್ಥೆಯ ಮೂಲಕ ಬರುವ ಚಂಡಮಾರುತದ ಎಚ್ಚರಿಕೆ, ಅಲೆಗಳ ಎತ್ತರ, ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನು ಅದು ಬೋಟ್ ನಡೆಸುವ ತಾಂಡೇಲನ ಮೊಬೈಲ್‌ಗೆ ತಲುಪಿಸುತ್ತದೆ. ಆದರೆ ಅದೂ ಕಿವಿ ಮಾತ್ರ. ಇಸ್ರೋದ ಹೊಸ ತಲೆಮಾರಿನ ಅಪಾಯ ಸೂಚಕದಲ್ಲಿ ಎರಡೂ ಇದೆ. ಗುಂಡಿ ಒತ್ತಿದರೆ ಜಾಗದ ಸಮೇತ ಸುದ್ದಿ ಹೋಗುತ್ತದೆ, 'ಸುದ್ದಿ ಮುಟ್ಟಿದೆ' ಅಂತ ವಾಪಸ್ ಉತ್ತರವೂ ಬರುತ್ತದೆ. ಅಲೆಯ ನಡುವೆ ಒಂಟಿಯಾಗಿ ಇರುವವನಿಗೆ ಆ ಒಂದು ಸಾಲು ಎಷ್ಟು ಧೈರ್ಯ ಕೊಡುತ್ತದೆ! ಮೀನುಗಾರರ ಸಲಕರಣೆಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇದನ್ನೇ.

ಮಗನ ಹಡಗಿನಲ್ಲಿ ಇದಕ್ಕಿಂತ ಗಟ್ಟಿ ಏರ್ಪಾಡು ಇದೆ. ಇಪರ್ಬ್ ಅಂತ ಒಂದು ಪೆಟ್ಟಿಗೆ ಇರುತ್ತದೆ. ಹಡಗು ಮುಳುಗಿದರೆ ಅದು ತಾನಾಗಿ ಬಿಡಿಸಿಕೊಂಡು ಮೇಲೆ ತೇಲಿ, ಯಾವ ಹಡಗಿನದು ಅನ್ನುವುದನ್ನು ಉಪಗ್ರಹಕ್ಕೆ ಕಳಿಸಲು ಶುರು ಮಾಡುತ್ತದೆ. ಅಂಥ ಕರೆಗಳು ನಮ್ಮ ದೇಶದಲ್ಲಿ ಬಂದು ಸೇರುವ ಕೇಂದ್ರ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕಚೇರಿಯಲ್ಲಿದೆ. ಶಿರಾದಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋದರೆ ನೀವು ಆ ಕಡೆಯಿಂದಲೇ ಹಾದುಹೋಗುತ್ತೀರಿ. ಸಮುದ್ರದಲ್ಲಿ ಕಷ್ಟಕ್ಕೆ ಸಿಕ್ಕವರ ಕೂಗು ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಪೀಣ್ಯದಲ್ಲಿ ಕೇಳಿಸುತ್ತದೆ.

 

ನಿಮ್ಮ ಮೂರನೇ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಸೂರ್ಯನನ್ನು ಅಳೆಯುವುದು ಖಂಡಿತ ಬೇಕಾದ ಕೆಲಸ. ಯಾಕೆ ಅಂತ ಒಂದು ನಡೆದ ಘಟನೆಯಿಂದ ಹೇಳುತ್ತೇನೆ.

1995ರ ಜೂನ್. ರಾಯಲ್ ಮೆಜೆಸ್ಟಿ ಅನ್ನುವ ಪ್ರಯಾಣಿಕರ ಹಡಗು ಬರ್ಮುಡಾದಿಂದ ಅಮೆರಿಕದ ಬೋಸ್ಟನ್‌ಗೆ ಹೊರಟಿತು. ಒಳಗೆ ಸುಮಾರು 1500 ಜನ. ಬಂದರು ಬಿಟ್ಟು ಸ್ವಲ್ಪ ಹೊತ್ತಿಗೇ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿಕೊಂಡಿತು. ಪೆಟ್ಟಿಗೆ ಕೆಟ್ಟು ನಿಂತಿದ್ದರೆ ಒಳ್ಳೆಯದಿತ್ತು. ಅದು ನಿಲ್ಲಲಿಲ್ಲ. ಉಪಗ್ರಹ ಕೇಳಿಸದೆ ಹೋದಾಗ, ಇಷ್ಟು ವೇಗದಲ್ಲಿ ಈ ದಿಕ್ಕಿಗೆ ಹೋಗಿದ್ದರೆ ಈಗ ಇಲ್ಲಿರಬೇಕು ಅಂತ ಅಂದಾಜು ಹಾಕಿ ಅಂಕಿ ತೋರಿಸುತ್ತಾ ಹೋಯಿತು. ಅಂದಾಜು ಅಂತ ತಿಳಿಸಲು ಪರದೆಯ ಮೂಲೆಯಲ್ಲಿ ಒಂದೆರಡು ಸಣ್ಣ ಅಕ್ಷರ, ಅಷ್ಟೇ. ಗಾಳಿ ಮತ್ತು ನೀರಿನ ಸೆಳೆತ ಹಡಗನ್ನು ಪಕ್ಕಕ್ಕೆ ತಳ್ಳುತ್ತಿದ್ದುದು ಆ ಅಂದಾಜಿಗೆ ಗೊತ್ತಾಗಲಿಲ್ಲ. ಆಟೋಪೈಲಟ್ ಆ ಅಂಕಿಯನ್ನೇ ನಂಬಿತು. 34 ಗಂಟೆಗಿಂತ ಜಾಸ್ತಿ ಹೊತ್ತು ಒಬ್ಬರಾದ ಮೇಲೆ ಒಬ್ಬರು ಅಧಿಕಾರಿಗಳು ಪಾಳಿಯಲ್ಲಿ ಕಾವಲು ನಿಂತರು. ಯಾರೂ ಬೇರೆ ಸಾಧನದ ಜೊತೆ ತಾಳೆ ನೋಡಲಿಲ್ಲ. ರೇಡಾರ್‌ನಲ್ಲಿ ಒಂದು ಬೋಯ್, ಅಂದರೆ ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಗುರುತು, ಕಂಡಿತು. ನಾವು ಎದುರು ನೋಡುತ್ತಿದ್ದ ಬೋಯ್ ಇದೇ ಅಂದುಕೊಂಡರು. ಅದು ಬೇರೆಯದಾಗಿತ್ತು. ಜೂನ್ 10ರ ರಾತ್ರಿ ನಾಂಟಕೆಟ್ ದ್ವೀಪದ ಹತ್ತಿರ ಹಡಗು ಮರಳುದಿಬ್ಬ ಹತ್ತಿ ಕೂತಿತು. ಇರಬೇಕಾದ ಜಾಗದಿಂದ 17 ಮೈಲಿ ಆಚೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಆ 34 ಗಂಟೆಯಲ್ಲಿ ಯಾರಾದರೂ ಒಬ್ಬರು ನಿಮ್ಮ ಮಗನ ಹಾಗೆ ಬಿಸಿಲಲ್ಲಿ ನಿಂತು ಸೂರ್ಯನನ್ನು ಸರಿಯಾಗಿ ಅಳೆದಿದ್ದರೆ, ಎರಡು ಲೆಕ್ಕ ತಾಳೆಯಾಗುತ್ತಿಲ್ಲ ಅನ್ನುವುದಾದರೂ ಎದ್ದು ಕಾಣುತ್ತಿತ್ತು.

ಈಗ ಬೇಕೆಂದೇ ಸಿಗ್ನಲ್ ಕೆಡಿಸುವವರೂ ಇದ್ದಾರೆ. ಅಷ್ಟು ದೂರದಿಂದ ಬರುವ ಅಲೆ ನೆಲ ಮುಟ್ಟುವ ಹೊತ್ತಿಗೆ ಬಹಳ ಕ್ಷೀಣವಾಗಿರುತ್ತದೆ. ಹತ್ತಿರದ ಒಂದು ಸಣ್ಣ ಯಂತ್ರ ಅದನ್ನು ಮುಚ್ಚಿಹಾಕಬಹುದು, ಸುಳ್ಳು ಅಲೆಯನ್ನೂ ಬಿಡಬಹುದು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿ ಹಲವು ಹಡಗುಗಳ ಜಿಪಿಎಸ್ ಒಟ್ಟಿಗೇ ಒಳನಾಡಿನ ಒಂದು ವಿಮಾನ ನಿಲ್ದಾಣವನ್ನು ತೋರಿಸಿತು. ನಿಮ್ಮ ಆ್ಯಪ್‌ನಲ್ಲಿ ಯಾವತ್ತಾದರೂ ಮಗನ ಹಡಗು ನೆಲದ ಮೇಲೆ ಕಂಡರೆ ಗಾಬರಿಯಾಗಬೇಡಿ. ಇಂಥದ್ದೇ ಏನೋ ನಡೆದಿರುತ್ತದೆ.

ಜಿಪಿಎಸ್ ಸರಿ ಇದ್ದು ನಕ್ಷೆ ತಪ್ಪಿರುವುದೂ ಉಂಟು. ನಾನು ಕಿರಿಯ ಅಧಿಕಾರಿಯಾಗಿದ್ದಾಗ ಒಂದು ಬಂದರಿನ ಹೊರಗೆ ಲಂಗರು ಹಾಕಿ ನಿಂತಿದ್ದೆವು. ಜಿಪಿಎಸ್ ಅಂಕಿಯನ್ನು ಕಾಗದದ ನಕ್ಷೆಯ ಮೇಲೆ ಗುರುತು ಮಾಡಿದೆ. ಪೆನ್ಸಿಲ್ ಚುಕ್ಕಿ ದಡದ ಮೇಲೆ, ಗೋದಾಮುಗಳ ನಡುವೆ ಬಂತು. ಎರಡು ಸಲ ಅಳಿಸಿ ಹಾಕಿದರೂ ಅಲ್ಲೇ. ಕ್ಯಾಪ್ಟನ್ ಬಂದು ನಕ್ಷೆಯ ಕೆಳಮೂಲೆ ತೋರಿಸಿದರು. ಅದು ಎಷ್ಟೋ ಹಿಂದಿನ ಕಾಲದ ಅಳತೆ. ಆಮೇಲೆ ರೇಡಾರ್‌ನಿಂದ ದಡದ ದೂರ ಅಳೆದು ಸರಿಯಾದ ಜಾಗ ಗುರುತು ಮಾಡಿದೆ. ಅವತ್ತಿನಿಂದ ಒಂದೇ ಸಾಕ್ಷಿಯನ್ನು ನಂಬಿ ನಾನು ಯಾವತ್ತೂ ಲಾಗ್‌ಬುಕ್‌ಗೆ ಸಹಿ ಹಾಕಿಲ್ಲ.

ನಿಮ್ಮ ಮಗ ಮಾಡುತ್ತಿರುವುದು ಹೀಗಿರುತ್ತದೆ. ಸೆಕ್ಸ್‌ಟೆಂಟ್ ಅನ್ನುವ ಸಾಧನಕ್ಕೆ ಎರಡು ಕನ್ನಡಿ, ಕಪ್ಪು ಗಾಜು, ಒಂದು ತೋಳು ಇರುತ್ತದೆ. ತೋಳು ಸರಿಸುತ್ತಾ ಹೋದರೆ ಕನ್ನಡಿಯಲ್ಲಿ ಸೂರ್ಯ ಕೆಳಗಿಳಿದು ಬಂದು, ಸಮುದ್ರದ ಗೆರೆಗೆ ಅಂಚು ತಾಗಿಸಿ ನಿಲ್ಲುತ್ತಾನೆ. ಮಧ್ಯಾಹ್ನದವರೆಗೂ ಅವನು ಆ ಗೆರೆಯಿಂದ ಮೇಲಕ್ಕೆ ಜಾರುತ್ತಿರುತ್ತಾನೆ, ನೀವು ಮತ್ತೆ ಮತ್ತೆ ಇಳಿಸುತ್ತಿರಬೇಕು. ಒಂದು ಗಳಿಗೆ ಜಾರುವುದು ನಿಲ್ಲುತ್ತದೆ. ಅದೇ ಅಲ್ಲಿಯ ನಡುಹಗಲು. ಆಗಿನ ಎತ್ತರದಿಂದ ಅಕ್ಷಾಂಶ, ಅಂದರೆ ಉತ್ತರ ದಕ್ಷಿಣದ ಲೆಕ್ಕ, ಸಿಗುತ್ತದೆ. ಕೈ ಪಳಗಿದವರಿಗೆ ಒಂದೆರಡು ಮೈಲಿಯೊಳಗೆ ಜಾಗ ಬರುತ್ತದೆ.

ಪೂರ್ವ ಪಶ್ಚಿಮದ ಲೆಕ್ಕಕ್ಕೆ, ಅಂದರೆ ರೇಖಾಂಶಕ್ಕೆ, ಮತ್ತೆ ಗಡಿಯಾರವೇ ಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಡಗಿನಲ್ಲಿ ಸರಿಯಾಗಿ ಓಡುವ ಗಡಿಯಾರ ಇಲ್ಲದ ಕಾಲದಲ್ಲಿ ಎಷ್ಟೋ ಹಡಗುಗಳು ಬಂಡೆಗೆ ಹೋಗಿ ಬಡಿದವು. 1714ರಲ್ಲಿ ಬ್ರಿಟನ್ನು ಇದಕ್ಕೆ 20,000 ಪೌಂಡ್ ಬಹುಮಾನ ಇಟ್ಟಿತು. ಜಾನ್ ಹ್ಯಾರಿಸನ್ ಅನ್ನುವ ಬಡಗಿ ಜೀವಮಾನವಿಡೀ ಕೂತು ಅಂಥ ಗಡಿಯಾರ ಮಾಡಿದರು. ನಮ್ಮಪ್ಪನಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ, ದಿನಕ್ಕೆ ಎಷ್ಟು ಸೆಕೆಂಡ್ ತಪ್ಪುತ್ತಿತ್ತು ಅಂತ. 1761ರಲ್ಲಿ ಜಮೈಕಾಕ್ಕೆ ಹೊರಟ ಯಾನದಲ್ಲಿ 81 ದಿನಕ್ಕೆ ಸುಮಾರು ಐದು ಸೆಕೆಂಡ್ ಅಂದೆ. ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಇದನ್ನು ನೀವೂ ಅಂಗಳದಲ್ಲಿ ಮಾಡಬಹುದು. ಡಿಸೆಂಬರ್ 25ರ ಆಸುಪಾಸು ಒಳ್ಳೆಯ ದಿನ. ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ. ಹನ್ನೊಂದು ಗಂಟೆಯ ಮೇಲೆ ನೆರಳಿನ ತುದಿಗೆ ಗುರುತು ಹಾಕಿ, ಟೈಮ್ ಬರೆದುಕೊಳ್ಳಿ. ಕೋಲಿಗೆ ದಾರ ಕಟ್ಟಿ ಆ ಗುರುತಿನ ದೂರಕ್ಕೆ ನೆಲದ ಮೇಲೆ ಒಂದು ವೃತ್ತ ಎಳೆಯಿರಿ. ನೆರಳು ಒಳಗೆ ಸರಿದು, ಮಧ್ಯಾಹ್ನ ಕಳೆದು ಮತ್ತೆ ಆ ಗೆರೆ ಮುಟ್ಟುತ್ತದೆ. ಆ ಟೈಮನ್ನೂ ಬರೆಯಿರಿ. ಮೊದಲನೆಯದು 11.10, ಎರಡನೆಯದು 1.34 ಆದರೆ ನಡುವಿನ ಹೊತ್ತು 12.22. ಶಿರಾದಲ್ಲಿ ಅವತ್ತಿನ ನಿಜವಾದ ನಡುಹಗಲು ಅದೇ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು, ನೀವು ಅದಕ್ಕಿಂತ ಪಶ್ಚಿಮಕ್ಕಿದ್ದೀರಿ. ಅದಕ್ಕೇ ಸೂರ್ಯ 22 ನಿಮಿಷ ತಡವಾಗಿ ಬರುತ್ತಾನೆ. ಆ ಹೊತ್ತಿನಲ್ಲಿ ನೆರಳಿನ ಉದ್ದವನ್ನೂ ಅಳೆಯಿರಿ, 75-76 ಸೆಂಟಿಮೀಟರ್ ಇರಬೇಕು.

ಮಗ ಫೋನ್ ಮಾಡಿದಾಗ ಈ ಎರಡು ಅಂಕಿ, ಅಳೆದ ತಾರೀಖು ಮಾತ್ರ ಹೇಳಿ. ಅಕ್ಷಾಂಶ, ರೇಖಾಂಶ ಅವನೇ ಲೆಕ್ಕ ಹಾಕಿ ತೆಗೆಯಲಿ. ಒಂದು ನಿಮಿಷ ಹೆಚ್ಚುಕಮ್ಮಿಯಾದರೆ ನಿಮ್ಮ ಹಳ್ಳಿ ನಕ್ಷೆಯಲ್ಲಿ 27 ಕಿಲೋಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಹಾಗಾದರೆ ಮಾರನೇ ದಿನ ಇನ್ನೊಮ್ಮೆ ಅಳೆಯಿರಿ.